ವಕ್ರಶೃಂಗ ಎಂಬ ಹೆಸರಿನ ವಿಚಾರಣೆ

೨೦೦೪ರಲ್ಲಿ ನಾನು ದಕ್ಷಿಣ ದಿಲ್ಲಿಯ ಒಂದು ಕೇಂದ್ರ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಹಿರಿಯ ವಿಜ್ಞಾನಿಯಾಗಿದ್ದೆ. ಪಳೆಯುಳಿಕೆಗಳ ವಿಭಾಗ ನನ್ನದು. ಆ ಸಂಸ್ಥೆ ಈಗ ಬೇರೊಂದು ಇಲಾಖೆಯೊಳಗೆ ಸೇರಿಹೋಗಿರುವುದರಿಂದ ಅದರ ಹೆಸರು ಹೇಳುವ ಅಗತ್ಯ ಕಾಣುವುದಿಲ್ಲ. ಇಲ್ಲಿ ಬರುವ ಮನುಷ್ಯರ ಹೆಸರುಗಳನ್ನೂ ಬದಲಿಸಿದ್ದೇನೆ. ಪ್ರಾಣಿಯ ಹೆಸರನ್ನು ಮಾತ್ರ ಬದಲಿಸಿಲ್ಲ. ಅದನ್ನು ಬದಲಿಸುವ ಅಧಿಕಾರ ನನಗೆ ಇರಲಿಲ್ಲ ಎಂಬುದರಿಂದಲೇ ಇಷ್ಟೆಲ್ಲ ನಡೆಯಿತು.

ಆ ಹಿಂದಿನ ಚಳಿಗಾಲದಲ್ಲಿ ಹರಿಯಾಣ ಮತ್ತು ಹಿಮಾಚಲದ ಗಡಿಯ ಶಿವಾಲಿಕ್ ಗುಡ್ಡಗಳಲ್ಲಿ ನಮ್ಮ ಕ್ಷೇತ್ರಕಾರ್ಯ ನಡೆದಿತ್ತು. ಮಳೆನೀರು ಕೊರೆದ ಒಂದು ಹಳ್ಳದ ಗೋಡೆಯಲ್ಲಿ, ಒಣಗಿದ ಹೂಳಿನ ನಡುವೆ, ಕಂದು ಬಣ್ಣದ ಒಂದು ತುಂಡು ಮೂಳೆ ಹೊರಗೆ ಚಾಚಿಕೊಂಡಿತ್ತು. ಎರಡು ದಿನ ಬ್ರಷ್ಷು, ಸೂಜಿ ಹಿಡಿದು ಬಿಡಿಸಿದ ಮೇಲೆ ಅದು ಹುಲ್ಲೆಯೊಂದರ ತಲೆಬುರುಡೆಯ ಮೇಲ್ಭಾಗ ಎಂದು ತಿಳಿಯಿತು. ಅದರ ಮೇಲೆ ಒಂದೇ ಕೊಂಬು ಉಳಿದಿತ್ತು. ಆ ಪದರದ ವಯಸ್ಸು ಸುಮಾರು ಇಪ್ಪತ್ತು ಲಕ್ಷ ವರ್ಷ.

ಕನ್ನಡದಲ್ಲಿ ನಾವು ಜಿಂಕೆ, ಹುಲ್ಲೆ ಎಂದು ಹೇಗೆ ಬೇಕಾದರೂ ಹೇಳುತ್ತೇವೆ. ಪ್ರಾಣಿಶಾಸ್ತ್ರದಲ್ಲಿ ವ್ಯತ್ಯಾಸವಿದೆ. ಜಿಂಕೆಯ ಕವಲುಕೊಂಬು ವರ್ಷಕ್ಕೊಮ್ಮೆ ಉದುರಿ ಹೊಸದು ಬರುತ್ತದೆ. ಹುಲ್ಲೆಯ ಕೊಂಬು ಜೀವಮಾನವಿಡೀ ಇರುತ್ತದೆ. ಹೊರಗೆ ಉಗುರಿನಂಥ ಕವಚ, ಒಳಗೆ ತಲೆಬುರುಡೆಯಿಂದಲೇ ಬೆಳೆದ ಮೂಳೆ. ಕವಚ ಮಣ್ಣಿನಲ್ಲಿ ಕೊಳೆತುಹೋಗುತ್ತದೆ. ಒಳಮೂಳೆ ಕಲ್ಲಾಗಿ ಉಳಿಯುತ್ತದೆ. ಅಳಿದುಹೋದ ಹುಲ್ಲೆಗಳನ್ನು ನಾವು ಗುರುತು ಹಿಡಿಯುವುದು ಬಹುಪಾಲು ಈ ಒಳಮೂಳೆಯ ಆಕಾರದಿಂದ.

ನನ್ನ ಕೈಯಲ್ಲಿದ್ದ ಮೂಳೆಯ ಆಕಾರವನ್ನು ಅದುವರೆಗೆ ಯಾರೂ ವರ್ಣಿಸಿರಲಿಲ್ಲ. ಅದರ ಸಮೀಪದ ಬಂಧುಗಳಲ್ಲಿ ಕೊಂಬು ಸ್ಕ್ರೂ ಮೊಳೆಯ ಹಾಗೆ ತಿರುಚಿಕೊಂಡಿದ್ದರೂ ನೇರವಾಗಿ ಮೇಲಕ್ಕೆ ಹೋಗುತ್ತದೆ. ಇದರಲ್ಲಿ ಕೊಂಬು ತಿರುಚಿಕೊಂಡಿದ್ದಲ್ಲದೆ ಇಡಿಯಾಗಿ ಹೊರಕ್ಕೆ ಬಾಗಿತ್ತು. ದೇಶವಿದೇಶದ ಸಂಗ್ರಹಗಳ ಚಿತ್ರಗಳೊಡನೆ ಹೋಲಿಸಿ ನೋಡಲು ಒಂದು ವರ್ಷ ಹಿಡಿಯಿತು. ಇದು ಹೊಸ ಜಾತಿ ಎಂದು ಖಚಿತವಾಯಿತು.

ಪ್ರಾಣಿಯ ವೈಜ್ಞಾನಿಕ ಹೆಸರಿಗೆ ಎರಡು ಭಾಗ. ಮೊದಲನೆಯದು ಕುಲದ್ದು, ಅದು ಈಗಾಗಲೇ ಇತ್ತು. ಎರಡನೆಯದು ಜಾತಿಯದು, ಅದನ್ನು ನಾನು ಕೊಡಬೇಕಿತ್ತು. ಸಿಕ್ಕ ಹಳ್ಳದ ಹೆಸರಿಡೋಣವೆಂದರೆ ಅದನ್ನು ಬೇರೊಂದು ಹುಲ್ಲೆಗೆ ಯಾರೋ ಮೊದಲೇ ಇಟ್ಟಿದ್ದರು. ನನ್ನ ಗುರುಗಳು ಬದುಕಿದ್ದಾಗಲೇ ತಮ್ಮ ಹೆಸರನ್ನು ಯಾವ ಮೂಳೆಗೂ ಅಂಟಿಸಕೂಡದೆಂದು ಹೇಳಿದ್ದರು. ಕೊನೆಗೆ ಮೂಳೆಯನ್ನೇ ನೋಡಿ ಹೆಸರಿಟ್ಟೆ: ವಕ್ರಶೃಂಗ. ವಕ್ರ ಎಂದರೆ ಡೊಂಕು, ಶೃಂಗ ಎಂದರೆ ಕೊಂಬು. ಪ್ರಬಂಧದಲ್ಲಿ ಹೆಸರಿನ ಅರ್ಥ ಹೇಳುವ ಸಾಲಿನಲ್ಲಿ ಇಷ್ಟನ್ನೇ ಬರೆದೆ.

ನಮ್ಮ ಸಂಸ್ಥೆಯ ಬುಲೆಟಿನ್ ಓಖ್ಲಾದ ಒಂದು ಮುದ್ರಣಾಲಯದಲ್ಲಿ ಅಚ್ಚಾಗುತ್ತಿತ್ತು. ಕರಡು ತಿದ್ದಲು ನಾನೇ ಹೋಗಿ ಕುಳಿತೆ. ಅಕ್ಕಪಕ್ಕದ ಶೆಡ್ಡುಗಳಲ್ಲಿ ರಫ್ತಿನ ಅಂಗಿ ಹೊಲಿಯುವ ಯಂತ್ರಗಳ ಸದ್ದು, ಮೇ ತಿಂಗಳ ಬಿಸಿಲು, ಶಾಯಿಯ ವಾಸನೆ. ಚಿತ್ರದ ಕೆಳಗೆ ಹೆಸರು ಸರಿಯಾಗಿ ಬಂದಿದೆಯೇ ಎಂದು ಅಕ್ಷರ ಅಕ್ಷರ ನೋಡಿದೆ. ೨೦೦೫ರ ಆ ಸಂಚಿಕೆ ಹೊರಬಂದ ದಿನ ಮನೆಗೆ ಮಿಠಾಯಿ ಒಯ್ದೆ. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ನಾನು ಹೆಸರಿಟ್ಟ ಮೊದಲ ಪ್ರಾಣಿ ಅದು.

ಎರಡು ವಾರದ ನಂತರ ನಿರ್ದೇಶಕರು ಕರೆಸಿದರು.

ನಿರ್ದೇಶಕ ಡಾ. ಖುರಾನಾ ಭೂವಿಜ್ಞಾನಿ. ಮಾತು ಕಡಿಮೆ, ಕೆಲಸ ಬಿಗಿ. ಸಚಿವಾಲಯದಲ್ಲಿ ಪಟ್ಟು ಹಿಡಿದು ಕುಳಿತು ಸಂಸ್ಥೆಗೆ ಹೊಸ ಪ್ರಯೋಗಾಲಯ ತಂದವರು ಅವರೇ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅವರ ಮುಖದ ಅರ್ಧಕ್ಕೆ ಪಾರ್ಶ್ವವಾಯು ಬಡಿದಿತ್ತು. ವೈದ್ಯರು ಬೆಲ್ಸ್ ಪಾಲ್ಸಿ ಎಂದರಂತೆ. ಹೆಚ್ಚಿನವರಿಗೆ ತಿಂಗಳೊಪ್ಪತ್ತಿನಲ್ಲಿ ವಾಸಿಯಾಗುವ ಈ ಕಾಯಿಲೆ ಅವರಿಗೆ ಪೂರ್ತಿ ವಾಸಿಯಾಗಲಿಲ್ಲ. ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡೇ ಉಳಿಯಿತು. ಅವರು ಯಾರ ಎದುರಿಗೂ ಚಹಾ ಕುಡಿಯುತ್ತಿರಲಿಲ್ಲ, ಗುಂಪಿನ ಫೋಟೋಗೆ ನಿಲ್ಲುತ್ತಿರಲಿಲ್ಲ. ಕಚೇರಿಯಲ್ಲಿ ಅವರ ಬೆನ್ನಹಿಂದೆ ಒಂದು ಅಡ್ಡಹೆಸರು ಓಡಾಡುತ್ತಿತ್ತು: ಟೇಢೇ ಸಾಹಬ್. ಹಿಂದಿಯಲ್ಲಿ ಟೇಢಾ ಎಂದರೆ ಡೊಂಕು.

ನಾನು ಒಳಗೆ ಹೋದಾಗ ಬುಲೆಟಿನ್ ಅವರ ಮೇಜಿನ ಮೇಲೆ ತೆರೆದಿತ್ತು. ಪಕ್ಕದ ಕುರ್ಚಿಯಲ್ಲಿ ಡಾ. ಸಕ್ಸೇನಾ ಕುಳಿತಿದ್ದರು. ಅವರು ನನ್ನದೇ ವಿಭಾಗದವರು, ನನಗಿಂತ ಒಂದು ಮೆಟ್ಟಿಲು ಮೇಲೆ. ಪ್ರಬಂಧದಲ್ಲಿ ತಮ್ಮ ಹೆಸರನ್ನೂ ಸೇರಿಸಬೇಕೆಂದು ಕೇಳಿದ್ದರು. ಮೂಳೆಯನ್ನು ಒಮ್ಮೆಯೂ ಮುಟ್ಟದವರ ಹೆಸರನ್ನು ನಾನು ಸೇರಿಸಿರಲಿಲ್ಲ.

"ವಕ್ರ ಎಂದರೇನು, ಡಾಕ್ಟರ್ ಸುಮಾ?" ಖುರಾನಾ ಕೇಳಿದರು.

"ಡೊಂಕು, ಸರ್. ಸಂಸ್ಕೃತ ಪದ."

"ಹಿಂದಿಯಲ್ಲಿ?"

ಆ ಕ್ಷಣಕ್ಕೆ ನನಗೆ ಅರ್ಥವಾಯಿತು.

"ಹಿಂದಿಯಲ್ಲಿ ಹೇಳಿ."

"ಟೇಢಾ, ಸರ್."

"ಈ ಕಟ್ಟಡದಲ್ಲಿ ಆ ಪದ ಯಾರ ಹೆಸರು ಅಂತ ನಿಮಗೆ ಗೊತ್ತಿಲ್ಲವೇ?"

ಕೊಂಬಿನ ಆಕಾರವನ್ನು ವಿವರಿಸಲು ಹೊರಟೆ. ಅವರು ಕೈಯೆತ್ತಿ ತಡೆದರು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟಿಸಿ ಹೆಸರು ಬದಲಿಸಬೇಕೆಂದರು. ಅದು ಸಾಧ್ಯವಿಲ್ಲವೆಂದೆ. ಪ್ರಾಣಿಗಳ ಹೆಸರಿಗೆ ಅಂತರರಾಷ್ಟ್ರೀಯ ನಿಯಮಾವಳಿಯಿದೆ. ಸರಿಯಾಗಿ ಪ್ರಕಟವಾದ ಹೆಸರು ಹೊಂದುವುದಿಲ್ಲ, ಚೆನ್ನಾಗಿಲ್ಲ ಎಂಬ ಕಾರಣಕ್ಕೆ ಅದನ್ನು ತೆಗೆಯುವ ಹಾಗಿಲ್ಲ. ಮೊದಲು ಅಚ್ಚಾದ ಹೆಸರೇ ನಿಲ್ಲುತ್ತದೆ.

"ನೀವೇ ಇಟ್ಟ ಹೆಸರನ್ನು ನೀವೇ ಬದಲಿಸಲಾರಿರಾ?"

"ಇಲ್ಲ ಸರ್. ಅಚ್ಚಾದ ಮೇಲೆ ನಾನೂ ಬದಲಿಸುವ ಹಾಗಿಲ್ಲ."

"ಅಚ್ಛಾ," ಎಂದು ಬುಲೆಟಿನ್ ಮುಚ್ಚಿದರು. "ಹಾಗಾದರೆ ನಾನು ಏನು ಬದಲಿಸಬಹುದೋ ಅದನ್ನು ಬದಲಿಸುತ್ತೇನೆ."

ಮೊದಲು ನನ್ನ ಕೋಣೆ ಬದಲಾಯಿತು. ಜನರೇಟರ್ ಪಕ್ಕದ, ಕಿಟಕಿಯಿಲ್ಲದ ಹಳೆಯ ಗೋದಾಮಿಗೆ ನನ್ನ ಮೇಜು ಹೋಯಿತು. ಮುಂದಿನ ಚಳಿಗಾಲದ ಕ್ಷೇತ್ರಕಾರ್ಯದಿಂದ ನನ್ನನ್ನು ಕೈಬಿಟ್ಟರು. ಪಳೆಯುಳಿಕೆಗಳ ಸಂಗ್ರಹಕೋಣೆಯ ಬೀಗದ ಕೈ ಸಕ್ಸೇನಾ ಅವರ ವಶಕ್ಕೆ ಹೋಯಿತು; ನಾನೇ ಅಗೆದು ತಂದ ಮೂಳೆಯನ್ನು ನೋಡಲು ನಾನು ಅವರ ಅನುಮತಿ ಕೇಳಬೇಕಾಯಿತು. ಆಮೇಲೆ ಆರೋಪಪಟ್ಟಿ ಬಂತು. ಸರ್ಕಾರಿ ಪ್ರಕಟಣೆಯನ್ನು ಬಳಸಿಕೊಂಡು ಮೇಲಧಿಕಾರಿಯನ್ನು ಉದ್ದೇಶಪೂರ್ವಕವಾಗಿ ಅವಮಾನಿಸಿದ್ದೇನೆ ಎಂಬುದು ಒಂದು ಆರೋಪ. ಆದೇಶವನ್ನು ಧಿಕ್ಕರಿಸಿದ್ದೇನೆ ಎಂಬುದು ಇನ್ನೊಂದು. ಸಾಬೀತಾದರೆ ಬಡ್ತಿ ಹೋಗುತ್ತಿತ್ತು, ಕೆಲಸಕ್ಕೂ ಕುತ್ತು ಬರಬಹುದಿತ್ತು.

ವಿರೋಧಿಗಳ ಕಾಟವನ್ನು ಹೇಗೋ ತಡೆದುಕೊಂಡೆ. ನನ್ನ ಕಡೆಯವರೆಂದು ಹೇಳಿಕೊಂಡವರನ್ನು ತಡೆದುಕೊಳ್ಳುವುದು ಕಷ್ಟವಾಯಿತು. ನಾನು ಬೇಕೆಂದೇ ಆ ಹೆಸರಿಟ್ಟೆನೆಂದು ಅವರೆಲ್ಲ ನಂಬಿ ಖುಷಿಪಟ್ಟಿದ್ದರು. ಕಚೇರಿಗೆ ಹೋಗಿಬರುವ ಚಾರ್ಟರ್ಡ್ ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, "ವಾಹ್ ಮೇಡಂ, ಕ್ಯಾ ನಾಮ್ ರಖಾ!" ಎಂದು, ಎಂಥ ಹೆಸರಿಟ್ಟಿರಿ ಎಂದು, ಕೈ ಕುಲುಕುತ್ತಿದ್ದರು. ಯಾರೋ ಬುಲೆಟಿನ್ನಿನ ಆ ಪುಟವನ್ನು ಜೆರಾಕ್ಸ್ ಮಾಡಿ ನಿರ್ದೇಶಕರ ಕಾರು ನಿಲ್ಲುವ ಜಾಗದ ಗೋಡೆಗೆ ಅಂಟಿಸಿದರು. ನಾನೇ ಹೋಗಿ ಅದನ್ನು ಕಿತ್ತುಹಾಕಿದೆ. ಕೀಳುವಾಗ ಕಂಡವರು ನಾನೇ ಅಂಟಿಸುತ್ತಿದ್ದೆನೆಂದು ಹೇಳಿದರು. ಅದೂ ಆರೋಪಪಟ್ಟಿಗೆ ಸೇರಿತು.

ಒಂದು ಭಾನುವಾರ ಊರಿಂದ ಬಂದಿದ್ದ ನೆಂಟರನ್ನು ಕಾಣಲು ಚಾಣಕ್ಯಪುರಿಯ ನಮ್ಮ ರಾಜ್ಯದ ಅತಿಥಿಗೃಹಕ್ಕೆ ಹೋಗಿದ್ದೆವು. ಊಟದ ಹಾಲಿನಲ್ಲಿ ಪರಿಚಯದ ಅಧಿಕಾರಿಯೊಬ್ಬರು ದೂರದಿಂದಲೇ ಕೂಗಿದರು: "ಏನಮ್ಮಾ, ನಿಮ್ಮ ಡೈರೆಕ್ಟರ್ ಮೂತಿಗೆ ಲ್ಯಾಟಿನ್‌ನಲ್ಲಿ ನಾಮಕರಣ ಮಾಡಿದಿರಂತೆ!" ಸುತ್ತಲಿನವರು ನಕ್ಕರು. "ಅದು ಅವರ ಮುಖ ಅಲ್ಲ, ಹುಲ್ಲೆಯ ಕೊಂಬು," ಎಂದೆ. ನಗು ಇನ್ನೂ ಜೋರಾಯಿತು. ನಾನು ಹೇಳುವ ನಿಜವೇ ಅವರಿಗೆ ಇನ್ನೊಂದು ಜೋಕಾಗಿ ಕೇಳಿಸುತ್ತಿತ್ತು.

ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸ್‌ಗೆ ಮರಳಿದ ಮೇಲೆ ನನ್ನ ಗಂಡ ಶ್ರೀಧರ ಮಾತೆತ್ತಿದರು. ಅವರು ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ಇಂಥ ವಿಚಾರಣೆಗಳು ಮನುಷ್ಯರನ್ನು ಏನು ಮಾಡುತ್ತವೆಂದು ಬಲ್ಲವರು.

"ಒಂದು ಕ್ಷಮಾಪಣೆ ಬರೆದುಕೊಟ್ಟುಬಿಡು ಸುಮಾ. ಎರಡು ಸಾಲು. ಮುಗೀತದೆ."

"ಏನಂತ ಬರೀಲಿ? ಅವಮಾನ ಮಾಡೋಕೇ ಇಟ್ಟೆ ಅಂತಾನಾ?"

"ಅವರಿಗೆ ನೋವಾಗಿದೆಯಲ್ಲ."

"ಆಗಿದೆ ರೀ. ಅದಕ್ಕೆ ನನಗೂ ಸಂಕಟ ಇದೆ. ಆದ್ರೆ ಕ್ಷಮಾಪಣೆ ಬರೆದ ದಿನ ಆ ಕೊಂಬು ಅವರ ಮುಖ ಆಗಿಹೋಗ್ತದೆ. ಇನ್ನು ಯಾರು ಆ ಹೆಸರು ಓದಿದ್ರೂ ಅದೇ ನೆನಪಾಗ್ತದೆ."

ಎಂಟನೇ ಕ್ಲಾಸಿನಲ್ಲಿದ್ದ ಮಗಳು ಅದಿತಿ ಪುಸ್ತಕದಿಂದ ತಲೆಯೆತ್ತಿ, "ಅಮ್ಮಾ, ಟೇಢಾ ಕೋಯಿ ಗಾಲಿ ಥೋಡಿ ಹೈ?" ಎಂದಳು. ಟೇಢಾ ಅನ್ನುವುದು ಬೈಗುಳವೇನಲ್ಲವಲ್ಲ ಎಂದು ಅವಳ ಪ್ರಶ್ನೆ. ಅಲ್ಲ, ಆದರೆ ಜನ ಅದನ್ನು ಬೈಗುಳ ಮಾಡಿದ್ದಾರೆ ಎಂದೆ. ಶ್ರೀಧರ ಮತ್ತೆ ಒತ್ತಾಯಿಸಲಿಲ್ಲ. ವಿಚಾರಣೆಯ ನಿಯಮಗಳ ಪುಸ್ತಕವನ್ನು ಆಫೀಸಿನಿಂದ ತಂದುಕೊಟ್ಟು, ನನ್ನ ಉತ್ತರವನ್ನು ಟೈಪ್ ಮಾಡಿಕೊಟ್ಟರು.

ವಿಚಾರಣೆಗೆ ಕೆಲವು ದಿನಗಳ ಮೊದಲು ಸಕ್ಸೇನಾ ನನ್ನ ಗೋದಾಮಿಗೆ ಬಂದರು. ಜನರೇಟರ್ ಸದ್ದಿಗೆ ಕಿವಿಯ ಹತ್ತಿರ ಬಾಗಿ ಮಾತಾಡಬೇಕಿತ್ತು.

"ಒಂದು ದಾರಿ ಇದೆ ಮೇಡಂ. ನಾವಿಬ್ಬರೂ ಸೇರಿ ಒಂದು ಟಿಪ್ಪಣಿ ಪ್ರಕಟಿಸೋಣ. ಆ ಪ್ರಾಣಿಗೆ ಹೊಸ ಹೆಸರು: ಖುರಾನಾಯ್. ಸಾಹೇಬರ ಗೌರವಾರ್ಥ. ಆರೋಪಗಳನ್ನು ವಾಪಸ್ ತೆಗೆಸುವ ಜವಾಬ್ದಾರಿ ನನ್ನದು."

ವ್ಯಕ್ತಿಯ ಗೌರವಾರ್ಥ ಇಡುವ ಹೆಸರಿನ ಕೊನೆಗೆ ಹೀಗೆ ಲ್ಯಾಟಿನ್ ಪ್ರತ್ಯಯ ಸೇರಿಸುವುದು ವಾಡಿಕೆ. ಸಕ್ಸೇನಾ ಮೊದಲೇ ಕರಡು ಬರೆದು ತಂದಿದ್ದರು. ಅದರಲ್ಲಿ ಅವರ ಹೆಸರು ನನ್ನದಕ್ಕಿಂತ ಮೊದಲಿತ್ತು.

"ನಿಯಮ ನಿಮಗೂ ಗೊತ್ತು," ಎಂದೆ.

"ನಿಯಮ ದೂರದಲ್ಲಿದೆ ಮೇಡಂ. ಸಾಹೇಬರು ಮೊದಲನೇ ಮಹಡಿಯಲ್ಲಿದ್ದಾರೆ."

ನಾನು ಸಹಿ ಹಾಕಲಿಲ್ಲ.

೨೦೦೬ರ ಆರಂಭದಲ್ಲಿ ವಿಚಾರಣೆ ನಡೆಯಿತು. ವಿಚಾರಣಾಧಿಕಾರಿ ಬ್ಯಾನರ್ಜಿ ಎಂಬವರು ಬೇರೆ ಇಲಾಖೆಯವರು, ಲೆಕ್ಕಪತ್ರದ ಹಿನ್ನೆಲೆಯವರು. ಪಳೆಯುಳಿಕೆಯ ಗಂಧಗಾಳಿ ಇರಲಿಲ್ಲ. ಸಂಸ್ಥೆಯ ಪರ ವಾದಿಸಲು ಸಕ್ಸೇನಾ ಅವರನ್ನೇ ನೇಮಿಸಿದ್ದರು. ದೂರುದಾರರಾಗಿ ಖುರಾನಾ ಮೇಜಿನ ಇನ್ನೊಂದು ತುದಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು.

ಸಕ್ಸೇನಾ ಚೆನ್ನಾಗಿ ತಯಾರಾಗಿ ಬಂದಿದ್ದರು. ನಾನು ಆಸರೆಯಾಗಿ ಹಿಡಿದುಕೊಂಡಿದ್ದ ನಿಯಮಾವಳಿಯನ್ನೇ ತೆರೆದರು. ಅದರ ಕೊನೆಯಲ್ಲಿ ಹೆಸರಿಡುವವರಿಗೆ ನೀತಿಸಂಹಿತೆಯೊಂದಿದೆ. ಯಾರ ಮನಸ್ಸಿಗಾದರೂ ನೋವಾಗಬಹುದೆಂದು ತನಗೆ ಗೊತ್ತಿರುವ ಹೆಸರನ್ನು ಯಾವ ಲೇಖಕನೂ ಇಡಬಾರದು ಎಂಬ ಮಾತು ಅಲ್ಲಿದೆ. ಅದನ್ನು ಗಟ್ಟಿಯಾಗಿ ಓದಿ ನನ್ನ ಕಡೆ ತಿರುಗಿದರು.

"ನಿರ್ದೇಶಕರಿಗೆ ಕಚೇರಿಯಲ್ಲಿ ಒಂದು ಅಡ್ಡಹೆಸರಿದೆ ಎಂಬುದು ಹೆಸರಿಡುವ ಮೊದಲೇ ನಿಮಗೆ ಗೊತ್ತಿತ್ತೇ?"

ಇಲ್ಲ ಎಂದಿದ್ದರೆ ಸುಳ್ಳೆಂದು ಸಾಬೀತು ಮಾಡಲು ಯಾರಿಂದಲೂ ಆಗುತ್ತಿರಲಿಲ್ಲ. ಇಲ್ಲ ಎಂದುಬಿಡು ಎಂದೇ ನನ್ನ ಪರವಾಗಿದ್ದವರೆಲ್ಲ ಹೇಳಿಕೊಟ್ಟಿದ್ದರು.

"ಗೊತ್ತಿತ್ತು," ಎಂದೆ.

ಬ್ಯಾನರ್ಜಿ ಬರೆಯುವುದನ್ನು ನಿಲ್ಲಿಸಿದರು. "ಗೊತ್ತಿದ್ದೂ ಆ ಪದ ಯಾಕೆ ಆರಿಸಿದಿರಿ?"

"ಕೊಂಬು ಡೊಂಕಾಗಿತ್ತು ಸರ್, ಅದಕ್ಕೆ. ಹೆಸರಿಡುವಾಗ ನಿರ್ದೇಶಕರ ಮುಖ ನನ್ನ ನೆನಪಿಗೇ ಬರಲಿಲ್ಲ. ನೆನಪಿಗೆ ಬಂದು, ಅದಕ್ಕಾಗಿ ಆ ಪದವನ್ನು ಬಿಟ್ಟಿದ್ದರೆ, ಆ ಪದ ಅವರದೇ ಎಂದು ನಾನೂ ಒಪ್ಪಿಕೊಂಡ ಹಾಗಾಗುತ್ತಿತ್ತು. ಕ್ಯಾಂಟೀನಿನಲ್ಲಿ ನಗುವವರಿಗೂ ನನಗೂ ಆಗ ವ್ಯತ್ಯಾಸ ಇರುತ್ತಿರಲಿಲ್ಲ."

ಮೂಳೆಯನ್ನು ನೋಡಬೇಕೆಂದು ಬ್ಯಾನರ್ಜಿ ಕೇಳಿದರು. ಅದು ಅಗತ್ಯವಿಲ್ಲವೆಂದು ಸಕ್ಸೇನಾ ಆಕ್ಷೇಪಿಸಿದರು. "ನಾನು ನೋಡದೆ ಬರೆಯುವುದಿಲ್ಲ," ಎಂದು ಬ್ಯಾನರ್ಜಿ ಪೆನ್ನು ಕೆಳಗಿಟ್ಟರು. ಕೊನೆಗೆ ಸಕ್ಸೇನಾ ತಾವೇ ಹೋಗಿ ಪೆಟ್ಟಿಗೆ ತಂದರು. ಎಷ್ಟೋ ತಿಂಗಳ ಮೇಲೆ ಅದನ್ನು ಕಂಡಿದ್ದೆ. ಪಕ್ಕದಲ್ಲಿ ಬಂಧುಜಾತಿಯ ಒಂದು ನೇರವಾದ ಕೊಂಬನ್ನೂ ಇಡಿಸಿದೆ. ಬ್ಯಾನರ್ಜಿ ಕನ್ನಡಕ ಸರಿಮಾಡಿಕೊಂಡು ಎರಡನ್ನೂ ನೋಡಿದರು, ಬೆರಳಿನಿಂದ ತಿರುವನ್ನು ಹಿಂಬಾಲಿಸಿದರು.

"ಇದು ಡೊಂಕೇ," ಎಂದರು, ತಮಗೆ ತಾವೇ ಹೇಳಿಕೊಂಡಂತೆ.

ಆಗ ಸಕ್ಸೇನಾ ತಮ್ಮ ಕೊನೆಯ ಅಸ್ತ್ರ ಬಿಟ್ಟರು. ಹೊಸ ಹೆಸರಿನ ಟಿಪ್ಪಣಿಗೆ ನಾನು ಸಹಿ ಹಾಕದಿರುವುದೇ ನನ್ನ ದುರುದ್ದೇಶಕ್ಕೆ ಸಾಕ್ಷಿ ಎಂದು ವಾದಿಸಿ, ಖುರಾನಾಯ್ ಎಂಬ ಹೆಸರಿದ್ದ ಕರಡನ್ನು ಮೇಜಿನ ಮೇಲೆ ಹರಡಿದರು. ಖುರಾನಾ ತಿರುಗಿ ನೋಡಿದ ರೀತಿಯಿಂದ, ಆ ಕರಡಿನ ವಿಷಯ ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲವೆಂದು ನನಗೆ ಅನ್ನಿಸಿತು.

ನಾನು ಬ್ಯಾನರ್ಜಿಯವರಿಗಲ್ಲ, ನೇರವಾಗಿ ನಿರ್ದೇಶಕರಿಗೇ ಹೇಳಿದೆ: "ಸರ್, ಈ ಟಿಪ್ಪಣಿ ಅಚ್ಚಾದರೆ ಆಗುವುದು ಇಷ್ಟು. ಮೊದಲ ಹೆಸರೇ ಊರ್ಜಿತ, ಎರಡನೆಯದು ಬರೀ ಪರ್ಯಾಯ ಹೆಸರು. ಆದರೆ ಅದು ಅಳಿಸಿಹೋಗುವುದಿಲ್ಲ. ಆ ಹುಲ್ಲೆಯ ಬಗ್ಗೆ ಯಾವ ದೇಶದಲ್ಲಿ ಯಾರು ಬರೆದರೂ ಎರಡನ್ನೂ ಅಕ್ಕಪಕ್ಕ ಬರೆಯುತ್ತಾರೆ. ಖುರಾನಾಯ್ ಎಂದರೆ ವಕ್ರಶೃಂಗ ಎಂದು. ಈಗ ಆ ಮಾತು ಈ ಕಟ್ಟಡದೊಳಗಿದೆ, ನೀವೂ ನಾನೂ ನಿವೃತ್ತರಾದ ಮೇಲೆ ಸತ್ತುಹೋಗುತ್ತದೆ. ಇದನ್ನು ಅಚ್ಚು ಮಾಡಿಸಿದರೆ ಸಾಯುವುದಿಲ್ಲ."

ಖುರಾನಾ ಎದ್ದು ಬಂದರು, ಕರಡನ್ನು ಎತ್ತಿಕೊಂಡು ಓದಿದರು. ಅದನ್ನು ನಾಲ್ಕಾಗಿ ಹರಿದು ಸಕ್ಸೇನಾ ಅವರ ಮುಂದಿಟ್ಟರು. ನನ್ನ ಕಡೆ ನೋಡಲೂ ಇಲ್ಲ, ಹೊರಟುಹೋದರು.

ಬ್ಯಾನರ್ಜಿಯವರ ವರದಿ ಬರಲು ಬೇಸಿಗೆಯಾಯಿತು. ಉದ್ದೇಶಪೂರ್ವಕ ಅವಮಾನದ ಆರೋಪ ಸಾಬೀತಾಗಿಲ್ಲ, ಬದಲಿಸಲಾಗದ್ದನ್ನು ಬದಲಿಸಲಿಲ್ಲವೆಂಬುದು ಧಿಕ್ಕಾರವಲ್ಲ ಎಂದು ಅದರಲ್ಲಿತ್ತು. ಗೋಡೆಗೆ ಪುಟ ಅಂಟಿಸಿದ ಆರೋಪಕ್ಕೆ ನಂಬುವಂಥ ಸಾಕ್ಷಿ ಸಿಕ್ಕಿರಲಿಲ್ಲ. ಹಾಗೆಂದು ಯಾರೂ ನನ್ನನ್ನು ಹಳೆಯ ಕೋಣೆಗೆ ಕರೆಯಲಿಲ್ಲ. ನೌಕರರ ಕೆಲಸದ ಬಗ್ಗೆ ಮೇಲಧಿಕಾರಿ ಬರೆಯುವ ಆ ವರ್ಷದ ಗೋಪ್ಯ ವರದಿಯಲ್ಲಿ ಖುರಾನಾ ನನ್ನ ಬಗ್ಗೆ 'ಸಹೋದ್ಯೋಗಿಗಳೊಡನೆ ಹೊಂದಿಕೊಳ್ಳುವುದಿಲ್ಲ' ಎಂದು ಬರೆದರು. ಬಡ್ತಿ ತಡವಾಯಿತು. ನನಗಿಂತ ಕಿರಿಯರಿಬ್ಬರು ಮುಂದೆ ಹೋದರು. ಜನರೇಟರ್ ಪಕ್ಕದಲ್ಲೇ ಕುಳಿತು ನಾನು ಇನ್ನೆರಡು ಪ್ರಬಂಧ ಬರೆದೆ. ಕಾರಿಡಾರಿನಲ್ಲಿ ಖುರಾನಾ ಎದುರಾದಾಗ ನಮಸ್ಕಾರ ಮಾಡುತ್ತಿದ್ದೆ. ಅವರು ಉತ್ತರಿಸುತ್ತಿರಲಿಲ್ಲ.

೨೦೦೭ರಲ್ಲಿ ಖುರಾನಾ ನಿವೃತ್ತರಾದರು. ಬೀಳ್ಕೊಡುಗೆ ಬೇಡವೆಂದಿದ್ದರು. ಕೊನೆಯ ದಿನ ಮಧ್ಯಾಹ್ನ ಸಂಗ್ರಹಕೋಣೆಗೆ ಬರಬೇಕೆಂದು ನನಗೆ ಫೋನ್ ಬಂತು. ಹೋದಾಗ ಅವರೊಬ್ಬರೇ ಇದ್ದರು. ಪೆಟ್ಟಿಗೆಯ ಮುಚ್ಚಳ ತೆಗೆದು ಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಭೂವಿಜ್ಞಾನಿಯ ಕೈ, ಕಲ್ಲನ್ನು ಹೇಗೆ ಹಿಡಿಯಬೇಕೆಂದು ಬಲ್ಲದ್ದು.

"ಇದು ಎಡಕ್ಕೆ ಬಾಗಿದೆ," ಎಂದರು. "ನನ್ನದು ಬಲಕ್ಕೆ."

ಅವರು ತಮ್ಮ ಮುಖದ ಬಗ್ಗೆ ಮಾತಾಡಿದ್ದನ್ನು ಸಂಸ್ಥೆಯಲ್ಲಿ ಯಾರೂ ಕೇಳಿರಲಿಲ್ಲ. ಗೊತ್ತಿದ್ದ ಸಂಗತಿಯೊಂದೇ ಬಾಯಿಗೆ ಬಂತು.

"ಅದು ಎಡಗಡೆಯ ಕೊಂಬು, ಸರ್. ಬಲಗಡೆಯದು ಸಿಕ್ಕಿದ್ದರೆ ಬಲಕ್ಕೇ ಬಾಗಿರುತ್ತಿತ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಮೂಳೆಯನ್ನು ಹತ್ತಿಯ ಮೇಲೆ ಮಲಗಿಸಿ ಮುಚ್ಚಳ ಹಾಕಿದರು.

"ಅದು ಸಿಗದೇ ಹೋದದ್ದು ನಿಮ್ಮ ಅದೃಷ್ಟ," ಎಂದರು. ಅವರ ಮುಖದಲ್ಲಿ ನಗು ಇತ್ತೋ ಇಲ್ಲವೋ, ಆ ಮುಖದಲ್ಲಿ ಅದನ್ನು ಹೇಳುವುದು ಕಷ್ಟ. ಸಂಗ್ರಹಕೋಣೆಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಹೋದರು. ಮತ್ತೆ ನಾವು ಭೇಟಿಯಾಗಲಿಲ್ಲ. ಅವರು ನನ್ನನ್ನು ಕ್ಷಮಿಸಿದರೆಂದು ನಾನು ತಿಳಿದುಕೊಂಡಿಲ್ಲ. ಅವರು ಮಾಡಿದ್ದನ್ನು ನಾನೂ ಮರೆತಿಲ್ಲ.

ಆಮೇಲಿನ ನೌಕರಿಯಲ್ಲಿ ಎಳೆಯ ವಿಜ್ಞಾನಿಗಳು ಹೊಸ ಹೆಸರು ಹೊತ್ತು ನನ್ನ ಬಳಿ ಬಂದಾಗಲೆಲ್ಲ ನಾನು ಹೇಳುತ್ತಿದ್ದದ್ದು ಒಂದೇ. ಹೆಸರನ್ನು ಅಚ್ಚಿಗೆ ಕೊಡುವ ಮೊದಲು ಅದರ ಅರ್ಥವನ್ನು ಚಹಾ ಅಂಗಡಿಯ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿ ನೋಡಿ. ಯಾರಿಗಾದರೂ ಹೆದರಿ ಬಿಟ್ಟುಬಿಡಲಿಕ್ಕಲ್ಲ. ಅದು ಯಾರಿಗೆ ಚುಚ್ಚುತ್ತದೆ ಎಂದು ತಿಳಿದಿದ್ದರೆ, ಅವರಿಗೆ ನೀವೇ ಮೊದಲು ಹೋಗಿ ಮೂಳೆಯನ್ನು ತೋರಿಸಬಹುದು. ನೋಡಿದ ಮೇಲೂ ಅವರು ಮುನಿದರೆ, ಆ ಮುನಿಸನ್ನು ಹೊರಲು ತಯಾರಾಗಿ, ಹೆಸರನ್ನು ಅಚ್ಚಿಗೆ ಕಳಿಸಿ.